ಕಾಲುವೆಯ ಒಗೆಯುವ ಕಲ್ಲು

ಕಿರಂಗೂರು, ೧೯೯೪. ಕಾಲುವೆಯಲ್ಲಿ ಕಾಲು ತೊಳೆಯಲು ಇಳಿದವನು, ಹೆಂಗಸೊಬ್ಬರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಇಂಗ್ಲಿಷ್ ಅಕ್ಷರ ಕಂಡು ಬೆಚ್ಚಿಬಿದ್ದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸೇನಾಧಿಕಾರಿಯಾಗಿದ್ದು, ಇಂಗ್ಲೆಂಡಿಗೆ ಮರಳಿ ಪಾರ್ಲಿಮೆಂಟು ಸೇರಿದ ದೊರೆಯೊಬ್ಬನ ಹೆಸರು ಅದು. ಅವನಿದ್ದ ಊರುಗಳನ್ನು ನೋಡಲೆಂದೇ ಬಂದಿದ್ದ ನನ್ನ ಚೀಲದಲ್ಲೇ ಅವನ ಜೀವನಚರಿತ್ರೆ ಇತ್ತು. ಅವನಿಗೆ ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ ಎಂದು ಅದರಲ್ಲಿ ಓದಿದ್ದೆ. ಆದರೆ ಇದು ಅವನ ಒಂಬತ್ತು ತಿಂಗಳ ಮಗಳ ಗೋರಿಕಲ್ಲು!

ಆಕೆಗೆ ಓದಿ ಹೇಳಿದೆ. ಅವರ ಕೈಯಲ್ಲಿದ್ದ ಸೀರೆ ಜಾರಿತು.

"ಅಯ್ಯೋ ಸಿವ್ನೆ! ಮದ್ವೆಯಾಗಿ ಬಂದಾಗ್ನಿಂದ ಮಗೀನ ಗೋರಿ ಮ್ಯಾಲೇ ಒಗ್ದ್‌ಬುಟ್ನಲ್ಲಾ ಸಾ!"

ಸೋಪಿನ ನೊರೆ ಪೂರಾ ಹೋಗುವವರೆಗೂ ಕಲ್ಲಿಗೆ ನೀರು ಸುರಿದರು. ಆಮೇಲೆ ಕೇಳಿದರು, "ಎತ್ತವ್ವ ಯಾರು ಅಂತ ಬರ್ದಿಲ್ವಾ?"

ಬಗ್ಗಿ ಮತ್ತೆರಡು ಸಲ ಓದಿದೆ. ತಾಯಿಯ ಹೆಸರು ಬರೆದಿರಲಿಲ್ಲ.