ನೂರಿಪ್ಪತ್ತು ಎಂಬತ್ತನ್ನು ನಂಬದ ಸಿಸ್ಟರ್

ಬಿಸ್ಕತ್ತು ಕೊಟ್ಟರೆ ಜುಬೇದಾ ಸಿಸ್ಟರ್ ಪೊಟ್ಟಣದ ತಾರೀಖು ಓದಿ, ಎರಡು ಸಲ ಮೂಸಿ, ಆಮೇಲೆ “ನೀವ್ ಮೊದ್ಲು ತಿನ್ನಿ” ಅನ್ನುತ್ತಿದ್ದರು. ಹುಣಸೂರಿನ ಟೈಲರೊಬ್ಬರ ಮಗಳು. ಬೆಟ್ಟದಪುರದ ಪಕ್ಕದ ನಮ್ಮ ಶಾಲೆಗೆ ಮಕ್ಕಳ ಆರೋಗ್ಯ ನೋಡಲು ಬರುತ್ತಿದ್ದ ನರ್ಸ್. ಚೀಲದಲ್ಲಿ ಬಿಪಿ ಯಂತ್ರ, ಮೂರು ಅಳತೆಯ ತೋಳುಪಟ್ಟಿ, ಅಪ್ಪನ ಟೇಪು. ಪಟ್ಟಿ ತೋಳಿಗೆ ಸರಿಹೊಂದದಿದ್ದರೆ ಯಂತ್ರವೂ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ವರ್ಷ ಅವರು ಬರುವುದು ತಡವಾಯಿತು. ಆರೋಗ್ಯ ಕಾರ್ಡು ಕಳಿಸುವ ಗಡುವು ಕುತ್ತಿಗೆಗೆ ಬಂದಿತ್ತು. ನನ್ನ ಎರಡನೇ ತರಗತಿಯ ಮಕ್ಕಳಿಗೆಲ್ಲ ನಾನೇ 120/80 ಎಂದು ತುಂಬಿಬಿಟ್ಟೆ. ಡಾಕ್ಟರು ನನಗೆ ಹೇಳುವ ನಾರ್ಮಲ್ ಅದೇ ತಾನೆ? ಒಳ್ಳೆಯದನ್ನೇ ಬರೆದೆನೆಂಬ ಸಮಾಧಾನ ಬೇರೆ.

ಮರುದಿನವೇ ಬಂದ ಸಿಸ್ಟರ್ ಕಾರ್ಡು ತಿರುವಿದರು.

“ಏನ್ ಮೇಷ್ಟ್ರೇ, ಇವು ಮಕ್ಳಾ, ಅಚ್ಚಲ್ಲಿ ಒತ್ತಿದ ಇಟ್ಗೇನಾ? ಏಳು ವರ್ಸದ ಮಗೀಗೆ ಮೇಲಿಂದು ನೂರು, ಕೆಳಗಿಂದು ಅರವತ್ತು, ಅದರ ಆಸುಪಾಸಿರ್ಬೇಕು ಕಣ್ರೀ. ವಯಸ್ಸು, ಎತ್ರ, ಗಂಡಾ ಹೆಣ್ಣಾ ಎಲ್ಲಾ ನೋಡ್ಬೇಕು. ನಿಮ್ ಪ್ಯಾಂಟು ಅವ್ಕೆ ಆಯ್ತದಾ?”

ಒಬ್ಬೊಬ್ಬರ ಎತ್ತರ ಅಳೆದು, ಐದು ನಿಮಿಷ ಸುಮ್ಮನೆ ಕೂರಿಸಿ, ಬಿಪಿ ನೋಡಿದರು. 96/58, 102/62... ನಾನು ತಲೆ ತಗ್ಗಿಸಿ ತಿದ್ದುತ್ತಾ ಹೋದೆ. ಕೊನೆಗೆ ಕುಳ್ಳಿ ಚೈತ್ರಾಳದ್ದು ಸರಿಯಾಗಿ 120/80 ಬಂತು.

“ನೋಡಿ, ಒಂದಾದರೂ ಸರಿ ಬರೆದಿದ್ದೆ!” ಎಂದು ನಕ್ಕೆ.

ಸಿಸ್ಟರ್ ನಗಲಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಸುತ್ತಿದರು. ಮೂರು ಸಲವೂ ಅಷ್ಟೇ. ಹುಡುಗಿಯ ಕಾಲಿನ ಕಜ್ಜಿಯ ಕಲೆ ನೋಡಿದರು, ಊದಿದ ರೆಪ್ಪೆ ಮುಟ್ಟಿದರು.

“ಉಚ್ಚೆ ಯಾವ್ ಬಣ್ಣ ಪುಟ್ಟಿ?”

“ಟೀ ಬಣ್ಣ.”

“ಕಜ್ಜಿ ಆದ್ಮೇಲೆ ಕಿಡ್ನಿಗೆ ಏಟು ಬಿದ್ದಿರ್ಬೈದು ಮೇಷ್ಟ್ರೇ. ಇವತ್ತೇ ಮೈಸೂರಿಗೆ ಕಳ್ಸಿ.”

ಅನುಮಾನ ನಿಜವಾಯಿತು. ನಾನು ತುಂಬಿದ ಕಾರ್ಡು ಹೋಗಿದ್ದರೆ ಆ ಮಗುವಿನ ಕಾಯಿಲೆಯೇ ನಾರ್ಮಲ್ ಆಗಿಬಿಡುತ್ತಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಚೈತ್ರಾ ಆಸ್ಪತ್ರೆಯಿಂದ ಮರಳಿದಳು. ತಿಂಗಳಿಗೊಮ್ಮೆ ತಪ್ಪದೆ ಬಿಪಿ ನೋಡಿಸಬೇಕಿತ್ತು. ಸಿಸ್ಟರ್‌ಗೆ ಎನ್. ಬೇಗೂರಿನ ಕಡೆಗೆ ವರ್ಗವಾಯಿತು.

ಕೊನೆಯ ಸಲ ಅವರು ಸಿಕ್ಕಿದ್ದು ಹುಣಸೂರು ಬಸ್ ನಿಲ್ದಾಣದಲ್ಲಿ, ಬೇಗೂರಿನ ಕಡೆ ಹೋಗುವ ಕೋಟೆ ಬಸ್ಸಿನ ಕಿಟಕಿಯಲ್ಲಿ.

“ಚೈತ್ರಾ ಹೆಂಗವ್ಳೆ?”

“ಚೆನ್ನಾಗವ್ಳೆ. ಈ ತಿಂಗಳು ತೊಂಬತ್ತೆಂಟು ಅರವತ್ತಂತೆ.”

“ಅಂತೆ? ಯಾರ್ ಹೇಳಿದ್ರು?”

“ಅವ್ರಮ್ಮ.”

“ನೀವ್ ಕಣ್ಣಾರೆ ಕಂಡ್ರಾ?”

ಬಸ್ಸು ಹೊರಟಿತು. “ಕಂಡೆ” ಎಂದು ಕೂಗಿದೆ. ಅವರು ನಂಬಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಊರಿಗೆ ಬಂದವನು ನೇರ ಚೈತ್ರಾಳ ಮನೆಗೆ ಹೋಗಿ, ಕಾರ್ಡು ತೋರಿಸಿ ಎಂದೆ. ಅವಳಮ್ಮ ಸೆರಗಿಗೆ ಕೈ ಒರೆಸಿಕೊಂಡರು.

“ಈ ತಿಂಗ್ಳು ಓಗಕ್ಕೇ ಆಗ್ನಿಲ್ಲ ಮೇಷ್ಟ್ರೇ, ಬೆಂಕಿ ಗೂಡಲ್ಲಿ ಒಗೆಸೊಪ್ಪು ಬೇಯ್ಸದಿತ್ತು. ನೀವ್ ಕೇಳುದ್ರಲ್ಲಾ ಅಂತ ಓದ್ ತಿಂಗ್ಳುದ್ನೇ ಏಳ್ದೆ.”

“ಚಪ್ಪಲಿ ಹಾಕ್ಕೊ ಪುಟ್ಟಿ” ಎಂದೆ ಚೈತ್ರಾಳಿಗೆ.