ದಿಬ್ಬದಾಚೆ ಎತ್ತಿದ ಕೈ

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಚಿಕ್ಕಮ್ಮ ಪರದೇಶದ ಒಂದು ದೊಡ್ಡ ರೇಸ್ ಟ್ರ್ಯಾಕಿನ ಆವರಣದಲ್ಲಿ, ಸಾಲು ನಲ್ಲಿಗಳ ಮುಂದೆ ನಿಂತು ಹಲ್ಲುಜ್ಜುತ್ತಿದ್ದರು. ಬಾಯ್ತುಂಬ ನೊರೆ ಇಟ್ಟುಕೊಂಡೇ ಟ್ರ್ಯಾಕನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. “ಮೂರನೇ ಗೇರು, ಎಡಕ್ಕೆ ತಿರುವು, ನಾಲ್ಕನೇ ಗೇರು, ಮುಂದೆ ದಿಬ್ಬ, ಆಚೆ ಏನೂ ಕಾಣಲ್ಲ…” ಪಕ್ಕದ ನಲ್ಲಿಯ ದಡೂತಿ ಮನುಷ್ಯ ತನಗೇ ಏನೋ ಹೇಳುತ್ತಿದ್ದಾರೆಂದು ತಿಳಿದು ಸೋಪು ಕೊಡಲು ಬಂದ. ಚಿಕ್ಕಮ್ಮ ಸೋಪನ್ನೂ ತೆಗೆದುಕೊಂಡರು, ಪಾಠವನ್ನೂ ಮುಗಿಸಿದರು.

ಚಿಕ್ಕಮ್ಮನ ಕಸುಬು ಹಲ್ಲುಸೆಟ್ಟು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚಿನಲ್ಲಿ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಾರೆ. ಅವರ ಕೆಲಸದ ಕೋಣೆ ಮುಖ್ಯರಸ್ತೆಗೆ ಅಂಟಿಕೊಂಡಿದೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಸಣ್ಣ ಗ್ಯಾಸ್ ದೀಪ, ಗೋಡೆಯ ಶೆಲ್ಫಿನಲ್ಲಿ ಊರಿನ ಅರ್ಧ ಹಿರಿಯರ ದವಡೆಗಳು. ಬಾಗಿಲ ಹಿಂದೆ ಹೆಲ್ಮೆಟ್ ತೂಗುಹಾಕಿರುತ್ತದೆ. ನಮ್ಮ ಕ್ಲಬ್ಬಿನ ಚಾಲಕರೆಲ್ಲ ಅವರನ್ನು ಹಲ್ಲಕ್ಕ ಅಂತಲೇ ಕರೆಯುತ್ತಾರೆ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೆದಕಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಬಂದವರಿಗೆಲ್ಲ ಪಕ್ಕದ ಸೀಟು ಬೇಕಿತ್ತು. ನನ್ನ ಕಾರಲ್ಲಿ ಅದನ್ನ ಕಿತ್ತುಹಾಕಿದ್ದೆ.”

ಕಾರು ಹಳೆಯದು. ನಾಲ್ಕು ಬಾಗಿಲಿನ, ಮನೆಮಂದಿ ಓಡಾಡುವ ಸಾಧಾರಣ ಕಾರು. ಅದನ್ನು ರೇಸಿಗೆ ಹದಗೊಳಿಸಿದ್ದು ನನ್ನ ಅಪ್ಪ. ಅಪ್ಪ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೇಸ್ತ್ರಿ; ಚಿಕ್ಕಮ್ಮನಿಗೆ ಭಾವ. ಇಬ್ಬರೂ ಒಂದೇ ಕಾರಿಗೆ ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡವರು. ಅಮ್ಮ ಹೇಳುತ್ತಿದ್ದಳು, “ನನಗೆ ಸವತಿ ಇದ್ದಿದ್ರೆ ಊಟದ ಹೊತ್ತಿಗಾದರೂ ಮನೆಗೆ ಕಳಿಸ್ತಿದ್ಲು, ಈ ಕಾರು ಅದನ್ನೂ ಮಾಡಲ್ಲ.”

ಆ ವರ್ಷ ಅಷ್ಟು ದೂರ ಹೋಗಬೇಕಾಗಿ ಬಂದದ್ದು ಆಸೆಯಿಂದ ಅಲ್ಲ, ಒಂದು ನಿಯಮದಿಂದ. ಐವತ್ತು ದಾಟಿದ ಚಾಲಕರ ರೇಸ್ ಲೈಸೆನ್ಸ್ ಮುಂದುವರಿಯಬೇಕಾದರೆ ಅವರು ಆ ವರ್ಷ ದೊಡ್ಡ ದರ್ಜೆಯ ಟ್ರ್ಯಾಕೊಂದರಲ್ಲಿ ಒಂದು ರೇಸ್ ಮುಗಿಸಿರಬೇಕು ಎಂದು ನಮ್ಮ ಕ್ಲಬ್ಬು ಹೊಸದಾಗಿ ಗೊತ್ತುಮಾಡಿತ್ತು. ಗೆಲ್ಲಬೇಕಿಲ್ಲ. ಫಲಿತಾಂಶದಲ್ಲಿ ಹೆಸರಿದ್ದರೆ ಸಾಕು. ನಮ್ಮಂಥ ಹವ್ಯಾಸಿಗಳಿಗೆ ಅಂಥ ಟ್ರ್ಯಾಕು ಸಿಗುತ್ತಿದ್ದುದು ಪರದೇಶದಲ್ಲೇ. ನಿಯಮ ಬರೆದ ಕಾರ್ಯದರ್ಶಿಗೆ ಆಗ ನಲವತ್ತೆರಡು ವಯಸ್ಸು. ಅವರು ಜೀವನದಲ್ಲಿ ದೊಡ್ಡ ಟ್ರ್ಯಾಕು ನೋಡಿದ್ದು ಟಿವಿಯಲ್ಲಿ. ಚಿಕ್ಕಮ್ಮನಿಗೆ ಐವತ್ತೊಂದು. ಕ್ಲಬ್ಬಿನಲ್ಲಿ ಐವತ್ತು ದಾಟಿಯೂ ರೇಸಿಗೆ ಇಳಿಯುತ್ತಿದ್ದವರು ಅವರೊಬ್ಬರೇ. ನಿಯಮ ಯಾರಿಗಾಗಿ ಹುಟ್ಟಿತು ಎಂದು ತಿಳಿಯಲು ಹೆಚ್ಚಿನ ಬುದ್ಧಿ ಬೇಕಿರಲಿಲ್ಲ.

“ಮುಗಿಸಿದರೆ ಸಾಕು ತಾನೆ? ಮುಗಿಸಿ ಬರ್ತೀನಿ,” ಅಂದರು ಚಿಕ್ಕಮ್ಮ. ಕಾರು ಹಡಗು ಹತ್ತಿತು. ಅದರ ಹಿಂದೆ ನಾವು ಮೂವರು ಹೋದೆವು: ಓಡಿಸಲು ಚಿಕ್ಕಮ್ಮ, ಕಾರಿಗೆ ಅಪ್ಪ, ಸಮಯ ಗುರುತು ಹಾಕಲು ನಾನು.

ಹವ್ಯಾಸಿಗಳ ರೇಸೆಂದರೆ ಅಲ್ಲೂ ನಮ್ಮಲ್ಲಿಯ ಹಾಗೇ. ಬೇಕರಿಯವನು, ಶಾಲೆ ಮೇಷ್ಟ್ರು, ಕೊಳಾಯಿ ರಿಪೇರಿಯವನು, ಎಲ್ಲರೂ ವಾರವಿಡೀ ದುಡಿದು ಶನಿವಾರ ಹೆಲ್ಮೆಟ್ ಹಾಕುವವರು. ನಮ್ಮ ಪಕ್ಕದ ಶೆಡ್ಡಿನಲ್ಲಿ ನೀಲಿ ಕಾರಿನವನಿದ್ದ. ಮನೆ ಮಾರಾಟದ ದಲ್ಲಾಳಿ, ನಗು ಧಾರಾಳ. ಮಧ್ಯಾಹ್ನದ ಹೊತ್ತಿಗೆ ಬಂದು ತನ್ನ ಜಾಕ್ ಕೈಕೊಟ್ಟಿದೆ, ನಮ್ಮದು ಸಿಗಬಹುದೇ ಎಂದ. ಅಪ್ಪ ಜಾಕನ್ನು ತಾವೇ ಹೊತ್ತುಕೊಂಡು ಹೋಗಿ ಅವನ ಕಾರಿನ ಕೆಳಗಿಟ್ಟು ಬಂದರು. “ಸಂಜೆ ಕೊಡ್ತಾನಂತೆ,” ಅಂದರು. ಸಂಜೆ ಕೊಡಲಿಲ್ಲ. “ಇರಲಿ ಬಿಡಿ ಭಾವ, ಪರದೇಶದಲ್ಲಿ ನಮ್ಮದೂ ಒಂದು ವಸ್ತು ಊರು ನೋಡಲಿ,” ಅಂದರು ಚಿಕ್ಕಮ್ಮ.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮೂರ ಟ್ರ್ಯಾಕು ಚಿಕ್ಕದು, ಹಳೆಯದು. ಅಪಾಯ ಕಂಡರೆ ಬಾವುಟ ಹಿಡಿಯುವವರು ಕಡಿಮೆ. ಓಡುವ ಕಾರು ಥಟ್ಟನೆ ಶಕ್ತಿ ಕಳೆದುಕೊಂಡರೆ ಹಿಂದಿನವರಿಗೆ ಅದನ್ನು ತಿಳಿಸುವ ದಾರಿ ಒಂದೇ: ಚಾಲಕ ಕಿಟಕಿಯಿಂದ ಕೈ ಹೊರಹಾಕಿ ನೆಟ್ಟಗೆ ಮೇಲೆತ್ತಬೇಕು. “ನನ್ನ ಕಾರು ಹೋಯಿತು, ಸುತ್ತಿಕೊಂಡು ಹೋಗಿ” ಎಂದು ಅದರ ಅರ್ಥ. ಹೊಸಬರಿಗೆ ನಾವು ಕಲಿಸುವ ಮೊದಲ ಪಾಠ ಅದು. ಗೇರು ಆಮೇಲೆ.

ಆ ದೊಡ್ಡ ಟ್ರ್ಯಾಕಿನಲ್ಲಿ ಮಾತ್ರ ಕಿಟಕಿಗೆ ಪಟ್ಟಿಗಳ ಬಲೆ ಕಟ್ಟುವುದು ಕಡ್ಡಾಯ, ಓಡುವಾಗ ಕೈ ಹೊರಗೆ ಬರಕೂಡದು. ಕಾರು ಮಗುಚಿದರೆ ಹೊರಗಿರುವ ಕೈ ಉಳಿಯುವುದಿಲ್ಲ. ನಿಯಮದಲ್ಲಿ ಹುರುಳಿದೆ; ಅದಕ್ಕೆ ನನ್ನ ತಕರಾರಿಲ್ಲ. ಶನಿವಾರದ ಸಭೆಯಲ್ಲಿ ಅದನ್ನು ಓದಿ ಹೇಳಿದಾಗ ಚಿಕ್ಕಮ್ಮ ತಲೆಯಾಡಿಸಿದರು. ಬಲೆಯನ್ನು ಅಪ್ಪನೇ ಕಟ್ಟಿದರು, ಎರಡೆರಡು ಸಲ ಎಳೆದು ನೋಡಿದರು.

ಭಾನುವಾರ ರೇಸಿನ ಮೂರನೇ ಸುತ್ತು. ಕಾರುಗಳಿನ್ನೂ ಒಂದರ ಬಾಲಕ್ಕೆ ಒಂದು ಅಂಟಿಕೊಂಡಿದ್ದವು. ಚಿಕ್ಕಮ್ಮ ಸಾಲಿನ ನಡುಭಾಗದಲ್ಲಿ, ಅವರ ಬೆನ್ನಿಗೇ ನೀಲಿ ಕಾರು. ಮುಂದಿನದನ್ನು ಕಾರಿನೊಳಗಿದ್ದ ಕ್ಯಾಮೆರಾದ ಚಿತ್ರದಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ದಿಬ್ಬ ಹತ್ತುವಾಗ ಚಿಕ್ಕಮ್ಮ ಮೂರರಿಂದ ನಾಲ್ಕಕ್ಕೆ ಗೇರು ಹಾಕಲು ಹೋಗುತ್ತಾರೆ. ಗೇರು ಬೀಳುವುದಿಲ್ಲ. ಲಿವರ್ ಬುಡದ ಬೆಸುಗೆ ಬಿಟ್ಟು, ಇಡೀ ಲಿವರ್ ಅವರ ಕೈಗೆ ಬರುತ್ತದೆ. ಅದನ್ನು ಒಂದು ಕ್ಷಣ ನೋಡುತ್ತಾರೆ. “ಅಯ್ಯೋ ಭಾವ!” ಅನ್ನುತ್ತಾರೆ. ಆ ಹೊತ್ತಿಗೆ ಕಾರು ದಿಬ್ಬದ ನೆತ್ತಿ ದಾಟಿ, ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಳೆದುಕೊಂಡು ಆಚೆ ಉರುಳುತ್ತಿರುತ್ತದೆ. ಹಿಂದಿರುವವರಿಗೆ ದಿಬ್ಬದಾಚೆ ಕಾಣುವುದಿಲ್ಲ. ಬಾವುಟದವನು ಇರುವುದು ಇನ್ನೂ ಮುಂದೆ. ಲಿವರ್ ಕೆಳಗೆ ಬೀಳುತ್ತದೆ, ಬಲೆಯ ಕೊಂಡಿ ಬಿಚ್ಚಿಕೊಳ್ಳುತ್ತದೆ, ಚಿಕ್ಕಮ್ಮನ ಕೈ ಭುಜದವರೆಗೆ ಹೊರಹೋಗಿ ನೆಟ್ಟಗೆ ಮೇಲೆ ನಿಲ್ಲುತ್ತದೆ.

ನೀಲಿ ಕಾರು ನೆತ್ತಿಗೆ ಬಂದಾಗ ಕಂಡದ್ದು ಆ ಕೈ. ಅವನು ವೇಗ ತಗ್ಗಿಸಿ ಪಕ್ಕಕ್ಕೆ ಸರಿದ. ಅವನನ್ನು ನೋಡಿ ಹಿಂದಿನವರು ಸರಿದರು. ಎಡಕ್ಕೂ ಬಲಕ್ಕೂ ಕಾರುಗಳು ಬರ್ರನೆ ಹೋದವು. ಒಂದಕ್ಕೂ ಗೀರು ಬೀಳಲಿಲ್ಲ. ಎಲ್ಲವೂ ಹೋದ ಮೇಲೆ ಚಿಕ್ಕಮ್ಮ ಕೈ ಒಳಗೆಳೆದು, ಬಲೆ ಸಿಕ್ಕಿಸಿ, ಲಿವರ್ ಕಿತ್ತುಬಂದ ಜಾಗದಲ್ಲಿ ಉಳಿದಿದ್ದ ಮೊಂಡು ತುದಿಯನ್ನು ಹಿಡಿದು ಒತ್ತಿ ಒತ್ತಿ ಹೇಗೋ ಮೂರನೇ ಗೇರಿಗೆ ಬೀಳಿಸಿದರು. ಉಳಿದ ಸುತ್ತುಗಳನ್ನು ಆ ಒಂದೇ ಗೇರಿನಲ್ಲಿ, ಇಂಜಿನ್ ಗೋಳಾಡುತ್ತಿದ್ದರೂ ಬಿಡದೆ ಓಡಿಸಿ, ಎಲ್ಲರಿಗಿಂತ ಕೊನೆಯವರಾಗಿ ಗೆರೆ ದಾಟಿದರು.

ಕೊನೆ ಆದರೇನು, ಮುಗಿಸಿದ್ದರು! ಅಪ್ಪ ಕಾರು ರಿಪೇರಿಗೆ ನಿಲ್ಲುವ ಪಿಟ್ಟಿನ ಗೋಡೆಯ ಮೇಲೆ ಕೂತು ಮಕ್ಕಳ ಹಾಗೆ ಅತ್ತರು. ಚಿಕ್ಕಮ್ಮ ಕಾರಿನಿಂದಿಳಿದವರೇ ಲಿವರನ್ನು ಅಪ್ಪನ ಕೈಗಿಟ್ಟರು. “ತಗೊಳಿ, ನಿಮ್ಮ ಬೆಸುಗೆ. ಬಸ್ಸಿಗೂ ಹಿಂಗೇ ಹಾಕ್ತೀರಾ? ನಾಳೆಯಿಂದ ನಾನು ನಡ್ಕೊಂಡೇ ಓಡಾಡ್ತೀನಿ.”

ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಕರೆ ಬಂತು: ನಿಮ್ಮ ಮೇಲೆ ದೂರಿದೆ, ತೀರ್ಪುಗಾರರ ಕೋಣೆಗೆ ಬನ್ನಿ.

ದೂರು ಕೊಟ್ಟವನು ನೀಲಿ ಕಾರಿನವನು. ಮುಂದಿನ ಕಾರಿನ ಚಾಲಕಿ ನಿಯಮ ಮೀರಿ ಕೈ ಹೊರಹಾಕಿದ್ದರಿಂದ ತಾನು ವೇಗ ತಗ್ಗಿಸಬೇಕಾಯಿತು, ಅದರಿಂದ ಎರಡು ಸ್ಥಾನ ಹೋಯಿತು ಎಂಬುದು ಅವನ ಅಳಲು. ನಾನು ಇದನ್ನು ಎಷ್ಟು ಶಾಂತವಾಗಿ ಬರೆಯಲು ನೋಡಿದರೂ ಆಗುವುದಿಲ್ಲ. ಕೈ ಕಾಣದೆ ಅವನು ವೇಗ ತಗ್ಗಿಸದಿದ್ದರೆ ಏನಾಗುತ್ತಿತ್ತು ಎಂಬುದು ಸರಳ ಲೆಕ್ಕ: ನಿಲ್ಲಲು ಬೇಕಿದ್ದ ದೂರ ಅವನ ಮುಂದಿರಲಿಲ್ಲ. ಅವನ ಕಾರು ಚಿಕ್ಕಮ್ಮನ ಕಾರಿನೊಳಗೆ ನುಗ್ಗಿರುತ್ತಿತ್ತು, ಹಿಂದಿನವರು ಅವನೊಳಗೆ. ಬದುಕಿಸಿದ ಕೈಯ ಮೇಲೆ ದೂರು ಕೊಡಲು ಮನುಷ್ಯನಿಗೆ ಎಂಥ ಮುಖ ಬೇಕು! ಅವನು ದೂರು ಬರೆದುಕೊಡುತ್ತಿದ್ದ ಹೊತ್ತಿಗೂ ನಮ್ಮ ಜಾಕು ಅವನ ಶೆಡ್ಡಿನಲ್ಲೇ ಇತ್ತು.

ಕೋಣೆಯಲ್ಲಿ ಉದ್ದ ಮೇಜು, ಮೂವರು ತೀರ್ಪುಗಾರರು, ಗೋಡೆಗೆ ದೊಡ್ಡ ಪರದೆ. ಎಲ್ಲರಿಗೂ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಾತು ನಡೆಯಿತು. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಬರೆದಿದ್ದೇನೆ.

ಮುಖ್ಯ ತೀರ್ಪುಗಾರರು ಕೆಟ್ಟವರಲ್ಲ. ಬಿಳಿ ಮೀಸೆ, ದಣಿದ ಕಣ್ಣು. ಚಿತ್ರ ನೋಡಿ, “ಬ್ರೇಕ್ ಒತ್ತಿ ಕೆಂಪು ದೀಪ ತೋರಿಸಬಹುದಿತ್ತಲ್ಲ?” ಎಂದರು.

“ದಿಬ್ಬದ ಆಚೆ ಇದ್ದೆ. ಹಿಂದಿನವರಿಗೆ ಮೊದಲು ಕಾಣೋದು ನನ್ನ ಕಾರಿನ ಚಾವಣಿ. ದೀಪ ಕಾಣೋ ಹೊತ್ತಿಗೆ ಗುದ್ದಿರ್ತಾರೆ,” ಅಂದರು ಚಿಕ್ಕಮ್ಮ.

ಬಿಳಿ ಮೀಸೆಯವರು ಉಳಿದಿಬ್ಬರ ಮುಖ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: “ನೋಡಿ, ಬಲೆಯ ಕೊಂಡಿ ತಾನಾಗಿ ಬಿಚ್ಚಿತು, ಅದನ್ನು ಹಿಡಿಯಲು ಹೋಗಿ ಕೈ ಹೊರಗೆ ಬಂತು ಎಂದು ನೀವು ಹೇಳಿಕೆ ಕೊಟ್ಟರೆ ಬರೀ ಎಚ್ಚರಿಕೆ ಕೊಟ್ಟು ಬಿಡುತ್ತೇವೆ. ಬೇಕೆಂದೇ ಬಿಚ್ಚಿದೆ ಎಂದರೆ ಫಲಿತಾಂಶದಿಂದ ತೆಗೆಯಲೇಬೇಕು. ಹೊರಗೆ ಹೋಗಿ ಐದು ನಿಮಿಷ ಯೋಚಿಸಿ.”

ಹೊರಗಿನ ಕಾರಿಡಾರಿನಲ್ಲಿ ಅಪ್ಪ ಚಿಕ್ಕಮ್ಮನ ತೋಳು ಹಿಡಿದರು. “ಹೇಳಿಬಿಡು, ಮಾರಾಯ್ತಿ. ಅವರೇ ಬಾಯಿಗೆ ಇಟ್ಟು ಕೊಡ್ತಿದ್ದಾರೆ, ನುಂಗೋಕೇನು ಕಷ್ಟ?”

“ಬಲೆ ಕಟ್ಟಿದ್ದು ಯಾರು ಭಾವ?”

“ನಾನು.”

“ತಾನಾಗಿ ಬಿಚ್ಚಿಕೊಳ್ತು ಅಂದ್ರೆ, ನೀವು ನೆಟ್ಟಗೆ ಕಟ್ಟಿರಲಿಲ್ಲ ಅಂತ.”

“ಅಂದುಕೊಳ್ಳಲಿ ಬಿಡು! ಹೆಂಗೂ ಗೇರ್ ಲಿವರ್ ಕಿತ್ತು ಬಂದಿದ್ದು ನನ್ನ ಬೆಸುಗೆಯಿಂದಾನೇ. ಇದೂ ನನ್ನ ತಲೆಗೇ ಇರಲಿ. ನಿನ್ನ ಲೈಸೆನ್ಸ್ ಉಳಿದರೆ ನನಗೆ ಅಷ್ಟು ಸಾಕು.”

“ಬೆಸುಗೆ ನಿಮ್ಮ ತಪ್ಪು. ಊರಿಗೆ ಹೋದ ಮೇಲೆ ಅದಕ್ಕೆ ಚೆನ್ನಾಗಿ ಬೈತೀನಿ, ಬಿಡಲ್ಲ. ಬಲೆ ನಿಮ್ಮ ತಪ್ಪಲ್ಲ. ನಾನು ಬಿಚ್ಚಿದ್ದು. ಮಾಡಬೇಕಾದ್ದೇ ಮಾಡಿದೀನಿ, ಅದನ್ನ ಕೈಜಾರಿ ಆಯ್ತು ಅಂತ ಯಾಕೆ ಹೇಳಲಿ? ನಾನೇನು ಕದ್ದೆನಾ?”

“ಮೊಂಡಿ ನೀನು.”

“ಅಕ್ಕನೂ ಅದನ್ನೇ ಹೇಳ್ತಾಳೆ. ನಡೀರಿ ಒಳಗೆ.”

ಒಳಗೆ ಹೋಗಿ ನಿಂತೇ ಹೇಳಿದರು: “ಬಲೆ ನಾನೇ ಬಿಚ್ಚಿದೆ. ನಾಳೆ ಹಾಗೇ ಆದರೆ ನಾಳೆಯೂ ಬಿಚ್ಚುತ್ತೇನೆ.” ಬಿಳಿ ಮೀಸೆಯವರು ಕೆಳಗಿಟ್ಟಿದ್ದ ಪೆನ್ನು ಎತ್ತಿಕೊಂಡರು. ತೀರ್ಪು ಬರೆದರು. ಚಿಕ್ಕಮ್ಮನನ್ನು ಫಲಿತಾಂಶದಿಂದ ತೆಗೆಯಲಾಯಿತು. ನೀಲಿ ಕಾರಿನವನಿಗೆ ಕಳೆದುಹೋದ ಸ್ಥಾನಗಳು ವಾಪಸು ಸಿಗಲಿಲ್ಲ ಎಂಬುದಷ್ಟೇ ನನಗೆ ಸಮಾಧಾನ. ಜಾಕನ್ನು ನಾನೇ ಹೋಗಿ ಎಳೆದುಕೊಂಡು ಬಂದೆ. ಅವನು ಆಗಲೂ ನಗುತ್ತಾ ಕೈ ಬೀಸಿದ.

ಊರಿಗೆ ಬಂದ ಮೇಲೆ ಕ್ಲಬ್ಬಿನ ಸಮಿತಿ ಸೇರಿತು. ಟೇಬಲ್ ಟೆನ್ನಿಸ್ ಮೇಜನ್ನು ಗೋಡೆಗೆ ಒರಗಿಸಿ ಕುರ್ಚಿ ಹಾಕಿದ್ದ ಕೋಣೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅಪ್ಪನೂ ನಾನೂ ಹಿಂದಿನ ಸಾಲಿನಲ್ಲಿದ್ದೆವು. ಕೈ ಎತ್ತುವ ಪಾಠವನ್ನು ಹೊಸಬರಿಗೆ ಇವತ್ತಿಗೂ ಕಲಿಸುತ್ತಿರುವ ಈ ಕ್ಲಬ್ಬಾದರೂ ಅರ್ಥಮಾಡಿಕೊಳ್ಳಬೇಕಿತ್ತು. ಕಾರ್ಯದರ್ಶಿ ಎರಡೂ ಅಂಗೈ ತೋರಿಸಿದರು.

“ನಿಯಮ ಅಂದ್ರೆ ನಿಯಮ, ಹಲ್ಲಕ್ಕ. ಪಟ್ಟಿಯಲ್ಲಿ ಹೆಸರಿಲ್ಲ, ನಾನೇನು ಮಾಡಲಿ? ಲೈಸೆನ್ಸ್ ಮುಂದುವರಿಸೋಕಾಗಲ್ಲ.”

“ಅವಳು ಕೈ ಎತ್ತಿದ್ದು ನಾವು ಕಲಿಸಿದ ಹಾಗೇ ಅಲ್ವಾ?” ಹಿಂದಿನಿಂದ ಅಪ್ಪ ಕೂಗಿದರು.

“ಮೇಸ್ತ್ರಿ, ನಿಮ್ಮ ಸರದಿ ಬಂದಾಗ ಮಾತಾಡಿ.” ಅಪ್ಪನ ಸರದಿ ಬರಲೇ ಇಲ್ಲ. ಕಾರ್ಯದರ್ಶಿ ಚಿಕ್ಕಮ್ಮನ ಕಡೆ ಬಾಗಿ, ಸಣ್ಣ ಮಗುವಿಗೆ ಬುದ್ಧಿ ಹೇಳುವ ದನಿ ತೆಗೆದರು. “ಅಲ್ಲ ಅಕ್ಕ, ತೀರ್ಪುಗಾರರೇ ದಾರಿ ತೋರಿಸಿದ್ರಂತೆ. ಒಂದು ಮಾತು ಹೇಳಿದ್ರೆ ಮುಗೀತಿತ್ತು. ಆ ಒಂದು ಕೈ ಎತ್ತಿ ನಿಮಗೆ ಸಿಕ್ಕಿದ್ದಾದ್ರೂ ಏನು? ಇಪ್ಪತ್ತು ವರ್ಷದ ರೇಸಿಂಗ್ ಹೋಯ್ತು. ಯಾವುದೋ ದೇಶದ ಯಾರೋ ನಾಲ್ಕು ಜನಕ್ಕೋಸ್ಕರ!”

ಚಿಕ್ಕಮ್ಮ ಎದ್ದು ನಿಂತರು. ನಾನು ಅವರ ದನಿ ಅಷ್ಟು ಏರಿದ್ದನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

“ನಾಲ್ಕಲ್ಲ. ಕೈ ಎತ್ತಿಕೊಂಡೇ ಎಣಿಸಿದೀನಿ. ನನ್ನನ್ನ ದಾಟಿ ಸುರಕ್ಷಿತವಾಗಿ ಹೋದವರು ಹದಿನಾಲ್ಕು.”