ಬಿಳಿ ಗುಲಾಬಿಯ ಮೇಲೆ ನನ್ನ ಹೆಬ್ಬೆಟ್ಟು

ವಾಡಿಯಲ್ಲಿ ಸಂಸಾರ ಮಾಡಿದವರಿಗೆ ಒರೆಸುವ ಚಟ ಹತ್ತಿಯೇ ಹತ್ತುತ್ತದೆ. ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಕುರ್ಚಿ ಒರೆಸಿ ಕೂತರೆ, ಚಹಾ ಕುಡಿದು ಏಳುವ ಹೊತ್ತಿಗೆ ಅದರ ಕೈಗಳ ಮೇಲೆ ಮತ್ತೆ ಬಿಳಿ ಪುಡಿ. ಸೈಕಲ್ಲು, ಕಿಟಕಿ, ಪೇರಲ ಗಿಡದ ಎಲೆ, ಒಂದನ್ನೂ ಬಿಡದು ಈ ಸಿಮೆಂಟ್ ಫ್ಯಾಕ್ಟರಿಯ ಧೂಳು. ಅದಕ್ಕೇ ನನ್ನ ಹೆಗಲ ಮೇಲೆ ಸದಾ ಒಂದು ಟವೆಲ್ಲು. ನನ್ನಷ್ಟು ಚೊಕ್ಕ ಮನುಷ್ಯ ಇಡೀ ಸಾಲಿನಲ್ಲಿಲ್ಲ ಎಂಬ ಜಂಬವೂ ಇತ್ತು. ಇತ್ತು ಎಂದೆ, ಗಮನಿಸಿ.

ನನ್ನ ಹೆಂಡತಿಗೆ ಇರುವುದು ಕಳ್ಳಿ, ಕತ್ತಾಳೆ, ಎಲೆಯಲ್ಲೇ ನೀರು ತುಂಬಿಕೊಳ್ಳುವ ಸಕ್ಯುಲೆಂಟು, ಇವುಗಳ ಹುಚ್ಚು. ಆಡಕಿಯಿಂದ ಬಂದ ನನ್ನ ಅವ್ವ ಆ ಕುಂಡಗಳ ಸಾಲು ನೋಡಿ, "ಹೊಲದ ಬೇಲಿ ಮನ್ಯಾಗ ತಂದು ಇಟ್ಟೀರಲ್ಲ!" ಎಂದು ನಕ್ಕಿದ್ದಳು. ಹೆಂಡತಿಯ ಜೀವವೆಲ್ಲ ಒಂದು ಸಕ್ಯುಲೆಂಟಿನ ಮೇಲೆ. ದಪ್ಪ ಎಲೆಗಳು ಸುತ್ತುಸುತ್ತಾಗಿ ಬಿಡುವ ಅದಕ್ಕೆ ನಾವು ಬಿಳಿ ಗುಲಾಬಿ ಎನ್ನುತ್ತಿದ್ದೆವು. ಒಂದೇ ಎಲೆಯಿಂದ ಐದು ವರ್ಷ ಬೆಳೆಸಿದ್ದಳು. ಬೇಸಿಗೆಗೆ ನೆರಳಿನ ಪರದೆ, ಮಳೆಗೆ ತಗಡಿನ ಸೂರು. ನನಗೇ ಅಷ್ಟು ಉಪಚಾರ ಇರಲಿಲ್ಲ. ಅದರ ಮೇಲೆ ಕೂತ ಧೂಳನ್ನು ಜ್ಯೂಸ್ ಕುಡಿಯುವ ಕೊಳವೆಯಿಂದ ಊದಿ ಹಾರಿಸುತ್ತಿದ್ದಳು. "ಎಲಿ ಮುಟ್ಟಬ್ಯಾಡ್ರಿ" ಎಂದು ನನಗೆ ದಿನಕ್ಕೆರಡು ಸಲ ತಾಕೀತು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಗಿಡದ ಕ್ಲಬ್ಬಿನ ಪ್ರದರ್ಶನ ಆ ವರ್ಷ ಶಹಾಬಾದಿನ ಒಂದು ಮದುವೆ ಹಾಲಿನಲ್ಲಿ. ಅದಕ್ಕೆ ಚಿಂಚೋಳಿಯಿಂದಲೂ ಕುಂಡಗಳು ಬರುತ್ತವೆ. ಎರಡು ವರ್ಷದಿಂದ ಮೊದಲ ಬಹುಮಾನ ಸೇಡಂನ ಟೀಚರೊಬ್ಬರ ಬಂಗಾರ ಬಣ್ಣದ ದುಂಡು ಕಳ್ಳಿಗೆ. ಈ ಸಲ ಅದು ವಾಡಿಗೆ ಬರಲೇಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಳು.

ಹೊರಡುವ ಬೆಳಿಗ್ಗೆ ಅವಳು ಸೀರೆ ಉಡಲು ಒಳಗೆ ಹೋದಳು. ಗಿಡದ ಹತ್ತಿರ ನಾನೊಬ್ಬನೇ. ನೋಡುತ್ತೇನೆ, ಅವಳು ಅಷ್ಟು ಊದಿದ ಮೇಲೂ ಎಲೆಯೆಲ್ಲ ಬೆಳ್ಳಗೆ! ಇಂಥ ಮುಖ ಹೊತ್ತು ಜಡ್ಜ್ ಎದುರು ಹೋಗುವುದೇ? ಟವೆಲ್ಲು ಒದ್ದೆ ಮಾಡಿ ಒಂದೊಂದೇ ಎಲೆಯನ್ನು ಹಸಿರು ಫಳಫಳ ಎನ್ನುವಂತೆ ಒರೆಸಿದೆ. ಒಳಗಿನ ಒಂದು ಎಲೆಯನ್ನು ಹೆಬ್ಬೆಟ್ಟೂರಿ ಹಿಡಿದಿದ್ದೆ, ಅಷ್ಟರಲ್ಲಿ ಬಳೆ ಸದ್ದಾಯಿತು. ಗಡಬಡಿಸಿ ಕುಂಡವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಅವಳಿಗೆ ಗೊತ್ತಾದಾಗ ಎಷ್ಟು ಹೊಗಳಬಹುದು ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ಒಳಗೊಳಗೇ ಖುಷಿಪಟ್ಟೆ.

ಹಾಲಿನ ಫರ್ಶಿ ಕಲ್ಲಿನ ಮೇಜಿನ ಮೇಲೆ ಅವಳು ಡಬ್ಬಿ ತೆರೆದಳು. ಮುಖ ಇಳಿದುಹೋಯಿತು. ಏನಾಯಿತೆಂದು ನಾನು ಕೇಳುವಷ್ಟರಲ್ಲಿ ಜಡ್ಜ್ ಬಂದೇಬಿಟ್ಟರು. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದವರು, ಕನ್ನಡಕ ಸರಿಸಿ ಬಗ್ಗಿದರು.

"ಅಯ್ಯಯ್ಯ, ಇದನ್ನ ಯಾರ್ ಒರಸ್ಯಾರ್ರಿ? ಇದು ಧೂಳಲ್ರಿ, ಗಿಡಾನೇ ಮಾಡ್ಕೊಂಡಿದ್ ಪುಡಿ. ಬಿಸಿಲಿಗಿ ಇದೇ ಅದರ ಅಂಗಿ. ಒಮ್ಮಿ ಹೋದ್ರ ಆ ಎಲಿಗಿ ಮತ್ತ ಬರಂಗಿಲ್ಲ."

ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

"ನಾನೇ ಒರಸೀನ್ರಿ" ಎಂದಳು ನನ್ನ ಹೆಂಡತಿ.

"ವಾಡಿಯವರೇನು? ಹಂಗಾದ್ರ ಬಿಡ್ರಿ" ಎಂದು ಅವರು ನಕ್ಕರು. ಸುತ್ತ ನಿಂತವರೂ ನಕ್ಕರು. ಬಹುಮಾನ ಮತ್ತೆ ಸೇಡಂನ ದುಂಡು ಕಳ್ಳಿಗೇ ಹೋಯಿತು. ಆ ಮುಳ್ಳಿನ ಚೆಂಡನ್ನು ಒರೆಸುವ ಧೈರ್ಯ ಯಾವ ಗಂಡನಿಗಿದೆ!

ವಾಪಸ್ಸು ರೈಲಿನಲ್ಲಿ ನನಗೆ ಆದ ಮಂಗಳಾರತಿಯನ್ನು ಇಡೀ ಬೋಗಿ ಕೇಳಿತು. "ಐದ್ ವರ್ಷ ಬೆಳಸಿದ್ದು, ಐದ್ ನಿಮಿಷದಾಗ ಬೋಳಿಸಿಬಿಟ್ರಿ!"

"ಮತ್ತ ಅಲ್ಲಿ ಯಾಕ ನನ್ನ ಉಳಿಸಿದಿ?" ಎಂದೆ ಮೆಲ್ಲಗೆ.

"ಅಲ್ಲಿ ಗುರ್ತಿನ ಮಂದಿ ಇದ್ರು. ಇಲ್ಲಿ ಯಾರದಾರ?"

ಅಂದಿನಿಂದ ಗಿಡಕ್ಕೂ ನನಗೂ ಒಂದು ಮಾರು ಅಂತರ ಎಂದು ಕಟ್ಟಪ್ಪಣೆಯಾಯಿತು. ಅದು ಇರಲಿ. ನನ್ನ ಪಾಲಿನ ನಗೆಪಾಟಲನ್ನು ಅವಳು ನುಂಗಿಕೊಂಡು ನಿಂತದ್ದು ನೆನಪಾದರೆ ನನಗೆ ನಾಚಿಕೆಯಾಗುತ್ತಿತ್ತು. ಐವತ್ತು ದಾಟಿದ ಗಂಡಸು, ಒಂದು ಮಾತು ಆಡಲಾಗದೆ ಫ್ಯಾನು ನೋಡಿದ್ದೆ.

ವರ್ಷದುದ್ದಕ್ಕೂ ಒರೆಸಿದ ಎಲೆಗಳು ಕೆಳಗಿನಿಂದ ಒಂದೊಂದೇ ಒಣಗಿದವು, ನಡುವಿನಿಂದ ಬಿಳಿ ಅಂಗಿ ತೊಟ್ಟ ಹೊಸ ಎಲೆಗಳು ಬಂದವು. ಮುಂದಿನ ಪ್ರದರ್ಶನದ ಹೊತ್ತಿಗೆ ನಾನು ಕೈಯಿಟ್ಟಿದ್ದವುಗಳಲ್ಲಿ ಉಳಿದದ್ದು ಒರೆಸುವ ಮೊದಲೇ ಬಿಟ್ಟಿದ್ದ ಆ ಒಳಗಿನ ಎಲೆ ಮಾತ್ರ, ಬಿಳಿ ಪುಡಿಯ ನಡುವೆ ನನ್ನ ಹೆಬ್ಬೆಟ್ಟಿನ ಹಸಿರು ಗುರುತು.

"ಅದೊಂದ್ ಚಿವುಟಿಬಿಡು" ಎಂದು ದೂರದಿಂದಲೇ ಹೇಳಿದೆ.

"ಚಂದಾಗಿ ಬದುಕಿರೋ ಎಲಿ ಯಾಕ ಕೀಳಬೇಕು? ಅದರದೇನು ತಪ್ಪು?"

ಈ ಸಲ ಪ್ರದರ್ಶನ ಚಿತ್ತಾಪುರದಲ್ಲಿ, ಜಡ್ಜ್ ಮಾತ್ರ ಅವರೇ. ಗಿಡ ನೋಡಿ ಮುಖ ಅರಳಿತು, ಗುರುತು ನೋಡಿ ಹುಬ್ಬು ಗಂಟಾಯಿತು. "ಹ್ವಾದ ವರ್ಷ ಒರಸಿದವ್ರು ನೀವೇ ಅಲ್ಲೇನ್ರಿ?"

ಅವಳು ಹೂಂ ಎನ್ನಲು ಬಾಯಿ ತೆರೆದಳು.

"ಆಕಿ ಅಲ್ರಿ" ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಪಕ್ಕದ ಮೇಜಿನವರೂ ತಿರುಗಿದರು. "ಒರಸಿದಾಂವ ನಾನು. ಆಕಿ ನನ್ನ ಸಲುವಾಗಿ ಮಾತು ಅನ್ನಿಸ್ಕೊಂಡಾಳ."

"ಎಲ್ಲಿ, ಹೆಬ್ಬೆಟ್ಟು ತೋರಸ್ರಿ" ಎಂದರು ಜಡ್ಜ್. ಎಲೆಗೆ ತಾಗದಂತೆ ಮೇಲೆ ಹಿಡಿದೆ. ಅಳತೆ ಸರಿಯಾಗಿ ಕೂತಿತು. ಸುತ್ತಲಿನವರೆಲ್ಲ ನಕ್ಕರು, ಈ ಬಾರಿ ಯಾರನ್ನು ನೋಡಿ ನಗಬೇಕೋ ಅವನನ್ನೇ ನೋಡಿ.

ಎರಡನೇ ಬಹುಮಾನ ಬಂತು. ಆ ಎಲೆ ಇರದಿದ್ದರೆ ಮೊದಲನೆಯದೇ ಎಂದು ಜಡ್ಜ್ ಹೇಳಿಯೇ ಕೊಟ್ಟರು. ರೈಲಿನಲ್ಲಿ ಅವಳು ಕುಂಡದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೈಗುಳಕ್ಕೆ ನಾನು ತಯಾರಾಗಿಯೇ ಕೂತಿದ್ದೆ. ವಾಡಿ ಸ್ಟೇಷನ್ ಹತ್ತಿರ ಬರುವಾಗ ಅವಳು ಚೀಲದಿಂದ ಆ ಜ್ಯೂಸ್ ಕೊಳವೆ ತೆಗೆದು ನನ್ನ ಕೈಗಿಟ್ಟಳು.

"ನಾಳಿಂದ ಊದೋದು ನಿಮ್ದು. ಕೈ ಹಿಂದ ಕಟ್ಕೊಂಡು ಊದ್ರಿ."

ಈಗ ದಿನಾ ಬೆಳಿಗ್ಗೆ, ಕುರ್ಚಿ ಒರೆಸುವುದಕ್ಕಿಂತ ಮೊದಲು, ಹಾಗೇ ಊದುತ್ತೇನೆ.